ಗಣಕಯಂತ್ರದ ಕೂಲರ್: ಎಗ್ಮೋರ್‌ನ ಬೇಸಿಗೆಯಲ್ಲಿ ಪರೀಕ್ಷೆ

ಚೆನ್ನೈನ ಎಗ್ಮೋರ್ ಪ್ರದೇಶಕ್ಕೆ ಸಮೀಪದ ನುಂಗಂಬಾಕ್ಕಂ ಹವಾಮಾನ ಕೇಂದ್ರದಲ್ಲಿ 2003ರ ಮೇ 31ರಂದು 45 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಅಷ್ಟು ತಾಪ ಅಪರೂಪ. ಆದರೆ ಮೇ ತಿಂಗಳ ಮಧ್ಯಾಹ್ನ, ಹವಾನಿಯಂತ್ರಣವಿಲ್ಲದ ಕೊಠಡಿಯು 35 ಡಿಗ್ರಿ ಮೀರುವುದು ಇಲ್ಲಿ ಸಾಮಾನ್ಯ. ಗಣಕಯಂತ್ರದ ಪ್ರೊಸೆಸರ್‌ಗೆ ಕೂಲರ್ ಆರಿಸುವವರು ಮೊದಲು ಈ ಅಂಶವನ್ನು ಗಮನಿಸಬೇಕಾಗುತ್ತದೆ.

ಪ್ರೊಸೆಸರ್ ಬಳಸುವ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಮಾರ್ಪಡುತ್ತದೆ. 1993ರ ಮೊದಲ ಪೆಂಟಿಯಂ ಹೊರಸೂಸುತ್ತಿದ್ದುದು ಹೆಚ್ಚೆಂದರೆ ಸುಮಾರು 15 ವಾಟ್. ಇಂದಿನ ಅನೇಕ ಪ್ರೊಸೆಸರ್‌ಗಳಿಗೆ 65 ವಾಟ್ ಎಂದು ನಮೂದಿಸಲಾಗಿರುತ್ತದೆ. ಭಾರಿ ಕೆಲಸದಲ್ಲಿ ಅದನ್ನೂ ಮೀರುವುದುಂಟು. ಈ ಶಾಖವನ್ನು ಕೂಲರಿನ ತಾಮ್ರದ ಕೊಳವೆಗಳು ಅಲ್ಯೂಮಿನಿಯಂ ಪಟ್ಟಿಗಳಿಗೆ ಒಯ್ಯುತ್ತವೆ. ಕೊಳವೆಯೊಳಗೆ ಕಡಿಮೆ ಒತ್ತಡದಲ್ಲಿರುವ ಸ್ವಲ್ಪ ನೀರು ಬಿಸಿಯ ತುದಿಯಲ್ಲಿ ಆವಿಯಾಗಿ, ತಂಪಿನ ತುದಿಯಲ್ಲಿ ಮತ್ತೆ ನೀರಾಗಿ ಹಿಂದಿರುಗುತ್ತದೆ. ಪಟ್ಟಿಗಳ ಶಾಖವನ್ನು ಫ್ಯಾನ್ ಗಾಳಿಗೆ ದಾಟಿಸುತ್ತದೆ. ಮನೆಯ ಏರ್ ಕೂಲರಿನಂತೆ ಇದು ಗಾಳಿಯನ್ನು ತಣಿಸುವುದಿಲ್ಲ. ಆದುದರಿಂದ ಪ್ರೊಸೆಸರ್ ತನಗೆ ದೊರೆಯುವ ಗಾಳಿಗಿಂತ ತಂಪಾಗಲಾರದು.

ಹೀಗಾಗಿ ಪರೀಕ್ಷಾ ವರದಿಯಲ್ಲಿನ ಉಷ್ಣತೆಯೊಂದನ್ನೇ ನಂಬಿದರೆ ಮೋಸಹೋಗುವ ಸಂಭವವಿದೆ. 22 ಡಿಗ್ರಿಯ ಕೊಠಡಿಯಲ್ಲಿ ಪ್ರೊಸೆಸರ್ 77 ಡಿಗ್ರಿಗೆ ಏರಿತೆಂದು ಭಾವಿಸೋಣ. ಹೆಚ್ಚಳ 55 ಡಿಗ್ರಿ. 36 ಡಿಗ್ರಿಯ ಎಗ್ಮೋರ್ ಕೊಠಡಿಯಲ್ಲಿ ಅದೇ ಪ್ರೊಸೆಸರ್ 91 ಡಿಗ್ರಿ ತಲುಪುತ್ತದೆ. ಗಾಳಿಯಾಡದ ಪೆಟ್ಟಿಗೆಯಾದರೆ ಇನ್ನೂ ಕೆಲವು ಡಿಗ್ರಿ ಹೆಚ್ಚು. ಹಲವು ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿ. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸುತ್ತದೆ. ಮದುವೆಯ ಕರೆಯೋಲೆಗಳನ್ನು ಸಂಜೆಯೊಳಗೆ ಸಿದ್ಧಪಡಿಸಬೇಕಾದ ಅಂಗಡಿಗೆ ಇದು ನೇರ ನಷ್ಟ. ಹೆಚ್ಚಳವು 40 ಡಿಗ್ರಿಗೆ ನಿಲ್ಲುವ ಕೂಲರಾದರೆ ಅದೇ ಕೊಠಡಿಯಲ್ಲಿ ಪ್ರೊಸೆಸರ್ 76 ಡಿಗ್ರಿಯಲ್ಲಿರುತ್ತದೆ.

ಅಳತೆ ಕಷ್ಟವಲ್ಲ. ಪೆಟ್ಟಿಗೆಗೆ ಗಾಳಿ ಒಳಹೋಗುವೆಡೆ ಉಷ್ಣತಾಮಾಪಕವನ್ನಿರಿಸಿ, ಗಣಕಯಂತ್ರಕ್ಕೆ ಅರ್ಧ ಗಂಟೆ ಪೂರ್ಣ ಕೆಲಸ ಕೊಟ್ಟು, ಪ್ರೊಸೆಸರಿನ ಉಷ್ಣತೆಯಿಂದ ಗಾಳಿಯ ಉಷ್ಣತೆಯನ್ನು ಕಳೆಯಬೇಕು. ಎರಡು ಕೂಲರ್‌ಗಳನ್ನು ಹೋಲಿಸುವಾಗ ಪ್ರೊಸೆಸರ್ ಮತ್ತು ಕೆಲಸ ಒಂದೇ ಆಗಿರತಕ್ಕದ್ದು. ಫ್ಯಾನಿನ ಸದ್ದನ್ನೂ ಆಲಿಸಬೇಕು. ಗದ್ದಲದಿಂದಲೇ ಗೆಲ್ಲುವ ಕೂಲರ್ ದಿನವಿಡೀ ಪಕ್ಕದಲ್ಲಿ ಕುಳಿತವರಿಗೆ ಹಿತವಲ್ಲ.

ಎಗ್ಮೋರ್‌ನಿಂದ ದೂರವಿಲ್ಲದ ರಿಚಿ ಸ್ಟ್ರೀಟ್‌ನ ಅಂಗಡಿಗಳಿಗೆ ಹೊರಡುವ ಮುನ್ನ ಪೆಟ್ಟಿಗೆಯೊಳಗಿನ ಎತ್ತರವನ್ನು ಅಳೆದಿರಬೇಕು. ಗೋಪುರದಾಕಾರದ ದೊಡ್ಡ ಕೂಲರ್‌ಗಳು ಕಿರಿದಾದ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಹಳೆಯ ಕೂಲರಿನ ಪಟ್ಟಿಗಳ ನಡುವಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ, ಮತ್ತೊಮ್ಮೆ ಅಳೆದು ನೋಡುವುದು ಲೇಸು. ಎಷ್ಟೋ ಸಲ ಖರೀದಿಯ ಅಗತ್ಯವೇ ಬೀಳುವುದಿಲ್ಲ.