ಲ್ಯಾಪ್‌ಟಾಪ್ ಮಾರಾಟಕ್ಕೆ ಮುನ್ನ ದತ್ತಾಂಶ ಅಳಿಸುವಿಕೆ

ಲ್ಯಾಪ್‌ಟಾಪ್ ಮಾರಾಟಕ್ಕೆ ಮುನ್ನ ದತ್ತಾಂಶ ಅಳಿಸುವಿಕೆ ಎಂದರೆ, ಬಳಸಿದ ಲ್ಯಾಪ್‌ಟಾಪನ್ನು ಮಾರುವ, ದಾನವಾಗಿ ಕೊಡುವ ಅಥವಾ ಗುಜರಿಗೆ ಹಾಕುವ ಮೊದಲು ಅದರಲ್ಲಿರುವ ಖಾಸಗಿ ಮಾಹಿತಿಯನ್ನು ಮತ್ತೆ ಪಡೆಯಲಾಗದಂತೆ ತೆಗೆದುಹಾಕುವ ಕ್ರಮ. ಡಿಲೀಟ್ ಮಾಡಿದ ಕಡತವು ಕಣ್ಣಿಗೆ ಕಾಣದಂತಾಗುತ್ತದೆಯೇ ಹೊರತು ಡಿಸ್ಕಿನಿಂದ ಕೂಡಲೇ ಅಳಿದುಹೋಗುವುದಿಲ್ಲ. ಆದ್ದರಿಂದ ಇದಕ್ಕೆ ಪ್ರತ್ಯೇಕ ವಿಧಾನಗಳು ಬೇಕಾಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್ ಮೊದಲಾದ ಮಾರುಕಟ್ಟೆಗಳಲ್ಲಿಯೂ ಅಂತರಜಾಲದ ಮೂಲಕವೂ ಹಳೆಯ ಲ್ಯಾಪ್‌ಟಾಪ್‌ಗಳ ಮರುಮಾರಾಟ ನಡೆಯುತ್ತದೆ. ಒಮ್ಮೆ ಮಾರಿದ ಯಂತ್ರವು ಮುಂದೆ ಯಾರ ಕೈ ಸೇರುತ್ತದೆ ಎಂಬುದು ಮಾರಿದವರಿಗೆ ತಿಳಿಯುವುದಿಲ್ಲ.

ಡಿಲೀಟ್ ಮಾಡಿದ ಕಡತ ಉಳಿಯುವ ಬಗೆ

ಗಣಕದ ಕಾರ್ಯಾಚರಣಾ ವ್ಯವಸ್ಥೆಯು ಪ್ರತಿ ಕಡತದ ಹೆಸರನ್ನೂ ಅದು ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದನ್ನೂ ಒಂದು ಸೂಚಿಯಲ್ಲಿ ದಾಖಲಿಸಿಕೊಂಡಿರುತ್ತದೆ. ರಿಸೈಕಲ್ ಬಿನ್ನನ್ನು ಖಾಲಿ ಮಾಡಿದಾಗ ಈ ಸೂಚಿಯಲ್ಲಿನ ನಮೂದು ರದ್ದಾಗಿ, ಆ ಜಾಗವನ್ನು ಹೊಸ ಕಡತಕ್ಕೆ ಬಳಸಬಹುದೆಂದು ಗುರುತಾಗುತ್ತದೆ. ಗ್ರಂಥಾಲಯದ ಸೂಚಿಪೆಟ್ಟಿಗೆಯಿಂದ ಚೀಟಿಯೊಂದನ್ನು ತೆಗೆದರೂ ಪುಸ್ತಕವು ಕಪಾಟಿನಲ್ಲಿಯೇ ಇರುವಂತೆ, ಹೊಸ ದತ್ತಾಂಶ ಬಂದು ಆ ಜಾಗವನ್ನು ಆಕ್ರಮಿಸುವವರೆಗೆ ಹಳೆಯದು ಅಲ್ಲಿಯೇ ಉಳಿದಿರುತ್ತದೆ. ಫೋಟೋರೆಕ್, ರೆಕುವಾ ಮುಂತಾದ ಉಚಿತ ತಂತ್ರಾಂಶಗಳು ಇಂತಹ ಕಡತಗಳನ್ನು ಹುಡುಕಿ ತೆಗೆಯಬಲ್ಲವು. ಇದಕ್ಕೆ ವಿಶೇಷ ಪರಿಣತಿ ಬೇಕಿಲ್ಲ.

ಕ್ವಿಕ್ ಫಾರ್ಮ್ಯಾಟ್ ಕೂಡ ಹೊಸ ಸೂಚಿಯೊಂದನ್ನು ಸಿದ್ಧಪಡಿಸುತ್ತದೆಯೇ ಹೊರತು ಒಳಗಿನ ದತ್ತಾಂಶವನ್ನು ಅಳಿಸುವುದಿಲ್ಲ. ವಿಂಡೋಸ್ ವಿಸ್ಟಾ ಮತ್ತು ಅನಂತರದ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಮಾಡಿದಾಗ ಮಾತ್ರ ಇಡೀ ವಿಭಾಗದ ಮೇಲೆ ಸೊನ್ನೆಗಳು ಬರೆಯಲ್ಪಡುತ್ತವೆ.

ಅಧ್ಯಯನಗಳು ಮತ್ತು ಪ್ರಕರಣಗಳು

ಅಮೆರಿಕದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ ಎಂಬ ಸಂಶೋಧಕರು ಮರುಮಾರಾಟಕ್ಕೆ ಬಂದಿದ್ದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರಿಶೀಲಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಓದಲು ಸಾಧ್ಯವಾದ 129 ಡಿಸ್ಕ್‌ಗಳ ಪೈಕಿ ಸರಿಯಾಗಿ ಅಳಿಸಲ್ಪಟ್ಟಿದ್ದವು ಕೇವಲ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು ಮತ್ತು ಖಾಸಗಿ ಪತ್ರಗಳು ದೊರೆತವು. ಒಂದರಲ್ಲಿ ಎಟಿಎಂ ಯಂತ್ರದ ವ್ಯವಹಾರಗಳ ದಾಖಲೆಯೇ ಇತ್ತು. ಫಾರ್ಮ್ಯಾಟ್ ಮಾಡಿದ್ದ ಡಿಸ್ಕ್‌ಗಳಿಂದಲೂ ಮಾಹಿತಿಯನ್ನು ಮರಳಿ ಪಡೆಯಲಾಯಿತು.

ದೊಡ್ಡ ಸಂಸ್ಥೆಗಳೂ ಈ ವಿಷಯದಲ್ಲಿ ಎಡವಿದ ನಿದರ್ಶನಗಳಿವೆ. ಗ್ರಾಹಕರ ಮಾಹಿತಿಯಿದ್ದ ಹಳೆಯ ಸಾಧನಗಳನ್ನು ಸರಿಯಾಗಿ ವಿಲೇವಾರಿ ಮಾಡದ ಪ್ರಕರಣದಲ್ಲಿ ಮಾರ್ಗನ್ ಸ್ಟಾನ್ಲಿ ಸಂಸ್ಥೆಯ ಒಂದು ವಿಭಾಗವು 3.5 ಕೋಟಿ ಡಾಲರ್ ದಂಡ ತೆರಲು ಒಪ್ಪಿದೆಯೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಆ ಸಾಧನಗಳಲ್ಲಿ ಕೆಲವು ಅಂತರಜಾಲದ ಹರಾಜಿನಲ್ಲಿ ಮಾರಾಟವಾಗಿದ್ದವು.

ಲ್ಯಾಪ್‌ಟಾಪ್‌ನಲ್ಲಿ ಉಳಿಯುವ ಮಾಹಿತಿ

ಛಾಯಾಚಿತ್ರ ಮತ್ತು ಪತ್ರಗಳು ಬಳಕೆದಾರರ ನೆನಪಿನಲ್ಲಿರುತ್ತವೆ. ಮರೆತುಹೋಗುವಂಥವು ಬೇರೆ: ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳು, ತೆರೆದೇ ಇರುವ ಮಿಂಚಂಚೆ ಖಾತೆ, ವಾಟ್ಸ್‌ಆ್ಯಪ್‌ನ ಡೆಸ್ಕ್‌ಟಾಪ್ ಸಂಪರ್ಕ, ವೈಫೈ ಗುಪ್ತಪದಗಳು ಮತ್ತು ಡೌನ್‌ಲೋಡ್ಸ್ ಕಡತಕೋಶ. ಭಾರತದಲ್ಲಿ ಈ ಕಡತಕೋಶದಲ್ಲಿ ಇ-ಆಧಾರ್, ಪ್ಯಾನ್, ಬ್ಯಾಂಕ್ ವಿವರಣಪಟ್ಟಿ, ಆದಾಯ ತೆರಿಗೆ ವಿವರ, ಅಂಕಪಟ್ಟಿ ಮುಂತಾದವು ವರ್ಷಗಟ್ಟಲೆ ಉಳಿದಿರುವುದು ಸಾಮಾನ್ಯ.

ಇಂತಹ ಪಿಡಿಎಫ್ ಕಡತಗಳಿಗೆ ಗುಪ್ತಪದವಿದೆ ಎಂಬುದು ಪೂರ್ಣ ರಕ್ಷಣೆಯಲ್ಲ. ಇ-ಆಧಾರ್ ಕಡತದ ಗುಪ್ತಪದವು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಹಾಗೂ ಹುಟ್ಟಿದ ವರ್ಷದಿಂದ ಕೂಡಿರುತ್ತದೆ. ಇ-ಪ್ಯಾನ್ ಕಡತಕ್ಕೆ ಜನ್ಮದಿನಾಂಕವೇ ಗುಪ್ತಪದ. ಅದೇ ಲ್ಯಾಪ್‌ಟಾಪ್‌ನಲ್ಲಿ ದೊರೆಯುವ ಅಂಕಪಟ್ಟಿ ಅಥವಾ ಸ್ವವಿವರ ಪತ್ರದಿಂದ ಇವೆರಡನ್ನೂ ಸುಲಭವಾಗಿ ಊಹಿಸಬಹುದು.

ಮಾಹಿತಿಯು ಮಾರುವವರೊಬ್ಬರದೇ ಆಗಿರುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. ಶಿಕ್ಷಕರ ಲ್ಯಾಪ್‌ಟಾಪ್‌ನಲ್ಲಿ ವಿದ್ಯಾರ್ಥಿಗಳ ಅಂಕಗಳೂ ಪೋಷಕರ ದೂರವಾಣಿ ಸಂಖ್ಯೆಗಳೂ, ವೈದ್ಯರದರಲ್ಲಿ ರೋಗಿಗಳ ವಿವರಗಳೂ, ಲೆಕ್ಕಪರಿಶೋಧಕರದರಲ್ಲಿ ಕಕ್ಷಿದಾರರ ತೆರಿಗೆ ದಾಖಲೆಗಳೂ ಇರುತ್ತವೆ. ಅವು ಸೋರಿಹೋದಾಗ ತೊಂದರೆಗೆ ಸಿಲುಕುವವರಿಗೆ ಆ ಯಂತ್ರ ಮಾರಾಟವಾದ ಸಂಗತಿಯೇ ಗೊತ್ತಿರುವುದಿಲ್ಲ.

ಅಳಿಸುವ ವಿಧಾನಗಳು

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ 800-88 ಸಂಖ್ಯೆಯ ಮಾರ್ಗಸೂಚಿಯು 2006ರಲ್ಲಿ ಮೊದಲು ಪ್ರಕಟವಾಗಿ, 2014ರಲ್ಲಿ ಪರಿಷ್ಕೃತವಾಯಿತು. ಅದು ದತ್ತಾಂಶ ತೆಗೆಯುವಿಕೆಯನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ: ಸಾಮಾನ್ಯ ಸಾಧನಗಳಿಂದ ಮರಳಿ ಪಡೆಯಲಾಗದಂತೆ ಅಳಿಸುವುದು, ಪ್ರಯೋಗಾಲಯದಲ್ಲಿಯೂ ಪಡೆಯಲಾಗದಂತೆ ಅಳಿಸುವುದು, ಸಂಗ್ರಹ ಸಾಧನವನ್ನೇ ನಾಶಪಡಿಸುವುದು. ಯಾವ ವಿಧಾನ ಸೂಕ್ತ ಎಂಬುದು ಮುಖ್ಯವಾಗಿ ಸಂಗ್ರಹ ಸಾಧನದ ಬಗೆಯನ್ನು ಅವಲಂಬಿಸಿರುತ್ತದೆ.

ಹಾರ್ಡ್ ಡಿಸ್ಕ್: ತಿರುಗುವ ಕಾಂತೀಯ ತಟ್ಟೆಗಳುಳ್ಳ ಹಾರ್ಡ್ ಡಿಸ್ಕ್‌ನಲ್ಲಿ ಹಳೆಯ ದತ್ತಾಂಶದ ಮೇಲೆ ಹೊಸದನ್ನು ಬರೆಯುವುದೇ ಪರಿಣಾಮಕಾರಿ ವಿಧಾನ. ಪೀಟರ್ ಗುಟ್‌ಮನ್ 1996ರಲ್ಲಿ ಮಂಡಿಸಿದ ಪ್ರಬಂಧದಿಂದಾಗಿ 35 ಬಾರಿ ಬರೆಯಬೇಕೆಂಬ ನಂಬಿಕೆ ಹರಡಿತು. ಆದರೆ ಆ ಸಂಖ್ಯೆಯು ಅಂದಿನ ಹಲವು ಬಗೆಯ ಡಿಸ್ಕ್‌ಗಳನ್ನು ಒಟ್ಟಾಗಿ ಗಮನದಲ್ಲಿರಿಸಿಕೊಂಡು ರೂಪಿಸಿದ್ದೆಂದೂ ಆಧುನಿಕ ಡಿಸ್ಕ್‌ಗಳಿಗೆ ಅದರ ಅಗತ್ಯವಿಲ್ಲವೆಂದೂ ಗುಟ್‌ಮನ್ ಅವರೇ ಅನಂತರ ಸ್ಪಷ್ಟಪಡಿಸಿದರು. ಇಂದಿನ ಡಿಸ್ಕ್‌ಗಳಿಗೆ ಒಂದು ಸಲ ಪೂರ್ಣವಾಗಿ ಬರೆಯುವುದು ಸಾಮಾನ್ಯವಾಗಿ ಸಾಕೆಂದು ಪರಿಗಣಿಸಲಾಗಿದೆ.

ಎಸ್‌ಎಸ್‌ಡಿ: ಇತ್ತೀಚಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿಗೆ ಈ ವಿಧಾನ ಒಗ್ಗುವುದಿಲ್ಲ. ಇದರ ಸ್ಮೃತಿಕೋಶಗಳು ಪದೇಪದೇ ಬರೆದಂತೆಲ್ಲ ಸವೆಯುತ್ತವೆ. ಸವೆತವನ್ನು ಸಮನಾಗಿ ಹಂಚಲು ಒಳಗಿನ ನಿಯಂತ್ರಕವು ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಕಳುಹಿಸುತ್ತದೆ. ಆದ್ದರಿಂದ ಕಡತವೊಂದರ ಮೇಲೆ ಬರೆದೆವೆಂದುಕೊಂಡರೂ ಹಳೆಯ ಪ್ರತಿ ಬೇರೆಡೆ ಉಳಿದಿರಬಹುದು. ಹಾರ್ಡ್ ಡಿಸ್ಕ್‌ಗಾಗಿ ರೂಪಿಸಿದ, ಬಿಡಿ ಕಡತಗಳನ್ನು ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿಯಲ್ಲಿ ಫಲಕಾರಿಯಲ್ಲವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಸಂಶೋಧಕರು 2011ರಲ್ಲಿ ತೋರಿಸಿದರು. ಎಸ್‌ಎಸ್‌ಡಿಯ ಒಳಗೇ ಅಡಕವಾಗಿರುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆದೇಶವನ್ನು ಬಳಸುವುದು ಇದಕ್ಕೆ ಸೂಕ್ತ. ತಯಾರಕರ ತಂತ್ರಾಂಶದ ಮೂಲಕ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಪರದೆಯಿಂದಲೇ, ಈ ಆದೇಶವನ್ನು ನೀಡಬಹುದು.

ಗೂಢಲಿಪೀಕರಣ: ಡಿಸ್ಕಿನ ಸಮಸ್ತ ದತ್ತಾಂಶವನ್ನು ಮೊದಲಿನಿಂದಲೇ ಗೂಢಲಿಪಿಯಲ್ಲಿ ಇರಿಸಿದ್ದರೆ, ಅದನ್ನು ಓದುವ ಕೀಲಿಯನ್ನು ನಾಶಪಡಿಸಿದರೆ ಸಾಕು. ಉಳಿದದ್ದು ಅರ್ಥವಿಲ್ಲದ ಅಂಕೆಗಳ ರಾಶಿಯಾಗುತ್ತದೆ. ವಿಂಡೋಸ್‌ನ ಬಿಟ್‌ಲಾಕರ್, ಮ್ಯಾಕ್‌ನ ಫೈಲ್‌ವಾಲ್ಟ್, ಲಿನಕ್ಸ್‌ನ ಲಕ್ಸ್ ಇದಕ್ಕೆ ಬಳಕೆಯಲ್ಲಿರುವ ವ್ಯವಸ್ಥೆಗಳು. ಲ್ಯಾಪ್‌ಟಾಪ್ ಕೊಂಡ ದಿನವೇ ಇದನ್ನು ಚಾಲನೆಗೊಳಿಸಿದರೆ, ಕಳವಾದಾಗಲೂ ಮಾರುವಾಗಲೂ ಅದು ರಕ್ಷಣೆ ನೀಡುತ್ತದೆ.

ಅನುಸರಿಸುವ ಕ್ರಮ

ಮೊದಲನೆಯದಾಗಿ, ಬೇಕಾದ ಕಡತಗಳನ್ನು ಬಾಹ್ಯ ಡಿಸ್ಕ್‌ಗೆ ನಕಲಿಸಿ, ಬೇರೊಂದು ಗಣಕದಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಬೇಕು. ಮುಂದಿನ ಹಂತಗಳ ಅನಂತರ ಅವನ್ನು ಮರಳಿ ಪಡೆಯಲಾಗದು.

ಎರಡನೆಯದಾಗಿ, ಖಾತೆಗಳಿಂದ ನಿರ್ಗಮಿಸಬೇಕು. ಬ್ರೌಸರ್‌ನಲ್ಲಿ ಸಿಂಕ್ ಚಾಲನೆಯಲ್ಲಿರುವಾಗ ಗುಪ್ತಪದಗಳನ್ನು ಅಳಿಸಿದರೆ, ಅದೇ ಖಾತೆಯಿರುವ ಮೊಬೈಲಿನಿಂದಲೂ ಅವು ಅಳಿಯುತ್ತವೆ. ಆದ್ದರಿಂದ ಮೊದಲು ನಿರ್ಗಮನ, ಅನಂತರ ಅಳಿಸುವಿಕೆ. ವಾಟ್ಸ್‌ಆ್ಯಪ್ ಸಂಪರ್ಕವನ್ನು ಮೊಬೈಲಿನ ಲಿಂಕ್ಡ್ ಡಿವೈಸಸ್ ಪಟ್ಟಿಯಿಂದಲೇ ತೆಗೆಯಬಹುದು.

ಮೂರನೆಯದಾಗಿ, ಇಡೀ ಯಂತ್ರವನ್ನು ಅಳಿಸಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂಬ ಮಾರ್ಗದಲ್ಲಿ ರೀಸೆಟ್ ದಿಸ್ ಪಿಸಿ ಎಂಬ ಆಯ್ಕೆಯಿದೆ. ಅದರಲ್ಲಿ ಕೀಪ್ ಮೈ ಫೈಲ್ಸ್ ಎಂಬುದನ್ನು ಬಿಟ್ಟು ರಿಮೂವ್ ಎವ್ರಿಥಿಂಗ್ ಎಂಬುದನ್ನು ಆರಿಸಬೇಕು. ಅನಂತರ ಚೇಂಜ್ ಸೆಟ್ಟಿಂಗ್ಸ್ ಒತ್ತಿ, ಕ್ಲೀನ್ ಡೇಟಾ ಎಂಬುದಕ್ಕೆ ಸಮ್ಮತಿ ಸೂಚಿಸಬೇಕು. ಇದು ತಾನಾಗಿ ಚಾಲನೆಗೊಂಡಿರುವುದಿಲ್ಲ. ಕಡತಗಳನ್ನು ಸಿ ಡ್ರೈವ್‌ನಲ್ಲಷ್ಟೇ ಅಲ್ಲದೆ ಡಿ ಡ್ರೈವ್‌ನಲ್ಲಿಯೂ ಇಡುವ ರೂಢಿಯಿರುವುದರಿಂದ, ಎಲ್ಲ ಡ್ರೈವ್‌ಗಳನ್ನೂ ಅಳಿಸುವ ಆಯ್ಕೆ ಕಂಡುಬಂದರೆ ಅದನ್ನೇ ಒತ್ತಬೇಕು. ವಿಂಡೋಸ್ ಇರುವ ಡ್ರೈವ್ ಮಾತ್ರ ಅಳಿಸಲ್ಪಟ್ಟರೆ ಡಿ ಡ್ರೈವ್ ಇದ್ದಂತೆಯೇ ಹೊಸಬರ ಕೈ ಸೇರುತ್ತದೆ.

ಆ್ಯಪಲ್‌ನ ಸ್ವಂತ ಚಿಪ್ ಅಥವಾ ಟಿ2 ಚಿಪ್ ಇರುವ ಮ್ಯಾಕ್‌ಗಳಲ್ಲಿ, 2021ರ ಮಾಂಟೆರೇ ಆವೃತ್ತಿಯಿಂದ ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್ ಎಂಬ ಆಯ್ಕೆ ಲಭ್ಯವಿದೆ. ಇದು ಕೀಲಿಯನ್ನು ನಾಶಪಡಿಸುವುದರ ಜೊತೆಗೆ ಖಾತೆಯಿಂದಲೂ ನಿರ್ಗಮಿಸುತ್ತದೆ. ಖಾತೆಯ ಬೀಗವನ್ನು ತೆಗೆಯದೆ ಮಾರಿದ ಮ್ಯಾಕ್ ಕೊಂಡವರಿಗೆ ನಿಷ್ಪ್ರಯೋಜಕವಾಗುತ್ತದೆ.

ಕೊನೆಯದಾಗಿ, ಯಂತ್ರವನ್ನು ಚಾಲೂ ಮಾಡಿದಾಗ ಹೊಸ ಲ್ಯಾಪ್‌ಟಾಪ್‌ನಂತೆ ಭಾಷೆ ಮತ್ತು ದೇಶವನ್ನು ಕೇಳುವ ಪರದೆ ಮೂಡುವುದನ್ನು ಖಚಿತಪಡಿಸಿಕೊಂಡು, ಅಲ್ಲಿಯೇ ಆರಿಸಬೇಕು. ಮೆಮೊರಿ ಕಾರ್ಡ್ ಕಿಂಡಿ, ಸಿಡಿ ತಟ್ಟೆ ಹಾಗೂ ಚೀಲದ ಜೇಬುಗಳನ್ನು ನೋಡಬೇಕು. ಗೂಗಲ್, ಮೈಕ್ರೋಸಾಫ್ಟ್ ಖಾತೆಗಳ ಸಾಧನಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ಬೇರೊಂದು ಸಾಧನದ ಮೂಲಕ ತೆಗೆದುಹಾಕಬೇಕು.

ಕೆಟ್ಟುಹೋದ ಲ್ಯಾಪ್‌ಟಾಪ್

ಪರದೆ ಒಡೆದ ಅಥವಾ ಚಾಲೂ ಆಗದ ಲ್ಯಾಪ್‌ಟಾಪ್‌ನಲ್ಲಿಯೂ ಸಂಗ್ರಹ ಸಾಧನವು ಸುಸ್ಥಿತಿಯಲ್ಲಿರಬಹುದು. ಅದನ್ನು ಕಳಚಿ ಬೇರೊಂದು ಗಣಕಕ್ಕೆ ಜೋಡಿಸಿದರೆ ಒಳಗಿನ ಕಡತಗಳು ತೆರೆಯುತ್ತವೆ. ಆದ್ದರಿಂದ ಮಾರುವ ಮೊದಲು ಅದನ್ನು ತೆಗೆದಿರಿಸಿಕೊಳ್ಳುವುದು ಉಚಿತ. ಕೆಲವು ತೆಳು ಮಾದರಿಗಳಲ್ಲಿ ಸಂಗ್ರಹ ಸಾಧನವನ್ನು ಮುಖ್ಯ ಫಲಕಕ್ಕೇ ಬೆಸೆದಿರುವುದರಿಂದ ಪ್ರತ್ಯೇಕಿಸಲಾಗದು. ಅಂಥವಕ್ಕೆ ಗೂಢಲಿಪೀಕರಣವೇ ರಕ್ಷಣೆ. ಪ್ರಬಲ ಕಾಂತಕ್ಷೇತ್ರದಿಂದ ಹಾರ್ಡ್ ಡಿಸ್ಕನ್ನು ಅಳಿಸಬಹುದಾದರೂ ಎಸ್‌ಎಸ್‌ಡಿಯ ಮೇಲೆ ಅದು ಯಾವ ಪರಿಣಾಮವನ್ನೂ ಬೀರುವುದಿಲ್ಲ.

ಭಾರತದಲ್ಲಿ ಕಾನೂನು

ಮತ್ತೊಬ್ಬರ ಗುಪ್ತಪದ, ವಿದ್ಯುನ್ಮಾನ ಸಹಿ ಮುಂತಾದ ಗುರುತುಗಳನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ಸಿ ಕಲಮಿನನ್ವಯ ಅಪರಾಧವಾಗಿದ್ದು, 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023ರ ಪ್ರಕಾರ, ಇತರರ ಮಾಹಿತಿಯನ್ನು ಹೊಂದಿರುವ ಸಂಸ್ಥೆಗಳು ಉದ್ದೇಶ ಪೂರ್ಣಗೊಂಡ ಮೇಲೆ, ಬೇರೆ ಕಾನೂನು ಅದನ್ನು ಉಳಿಸಿಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ಈ ಕಾಯಿದೆಯ ಅಂಶಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ವ್ಯಕ್ತಿಯೊಬ್ಬರು ಸ್ವಂತ ಅಥವಾ ಗೃಹಬಳಕೆಗಾಗಿ ಇರಿಸಿಕೊಂಡ ಮಾಹಿತಿಗೆ ಇದು ಅನ್ವಯಿಸುವುದಿಲ್ಲ. ಹೀಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿರುವ ಮಾಹಿತಿಯನ್ನು ಅಳಿಸುವ ಹೊಣೆಯು ಅದನ್ನು ಮಾರುವವರ ಮೇಲೆಯೇ ಉಳಿಯುತ್ತದೆ.

ಇವನ್ನೂ ನೋಡಿ

ಗೂಢಲಿಪಿಶಾಸ್ತ್ರ
ಹಾರ್ಡ್ ಡಿಸ್ಕ್
ವಿದ್ಯುನ್ಮಾನ ತ್ಯಾಜ್ಯ
ಮಾಹಿತಿ ತಂತ್ರಜ್ಞಾನ ಕಾಯಿದೆ, 2000