ಮೊಬೈಲ್ ಪರದೆಯಿಂದ ತರಗತಿಯ ಟಿ.ವಿ.ಗೆ: ನಿಸ್ತಂತು ಜೋಡಣೆಯೂ ಪಾಠದ ಸಿದ್ಧತೆಯೂ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಏಳನೆಯ ತರಗತಿಯ ವಿಜ್ಞಾನ ಪಾಠವೊಂದನ್ನು ವೀಕ್ಷಿಸಲು ಹೋಗಿದ್ದೆ. ಘಟಕ: ಸಸ್ಯಗಳಲ್ಲಿ ಸಂತಾನೋತ್ಪತ್ತಿ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು. ಪರಾಗಸ್ಪರ್ಶದ ಬಗ್ಗೆ ಮೂರು ನಿಮಿಷದ ವಿಡಿಯೊ ಆರಿಸಿಟ್ಟಿದ್ದರು, ಕೇಳಬೇಕಾದ ಪ್ರಶ್ನೆಗಳನ್ನೂ ಬರೆದುಕೊಂಡಿದ್ದರು. ತರಗತಿಯ ಗೋಡೆಯ ಮೇಲೆ ದಾನಿಗಳು ಕೊಟ್ಟ ಸ್ಮಾರ್ಟ್ ಟಿ.ವಿ. ಇತ್ತು. ಆದರೆ ಅವರ ಮೊಬೈಲಿಗೂ ಆ ಟಿ.ವಿ.ಗೂ ಸಂಪರ್ಕ ಸಿಗಲಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಹನ್ನೊಂದು ನಿಮಿಷ ಹಾಗೇ ಹೋಯಿತು. ಕೊನೆಗೆ ಬೇರೊಂದು ವಿಧಾನದಲ್ಲಿ ಪರದೆ ಮೂಡಿತು. ವಿಡಿಯೊ ಅರ್ಧಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ಮನೆಯಿಂದ ಬಂದ ಸಂದೇಶವೊಂದು ಪರದೆಯ ಮೇಲ್ಭಾಗದಲ್ಲಿ ಕಾಣಿಸಿತು. ಆಸ್ಪತ್ರೆಗೆ ಕಟ್ಟಬೇಕಾದ ಹಣದ ಮಾತು ಅದರಲ್ಲಿತ್ತು. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಆ ವಯಸ್ಸಿನ ಮಕ್ಕಳ ಅಭ್ಯಾಸ. ಇದನ್ನೂ ಓದಿದರು. ಆಮೇಲೆ ಆ ಪಾಠ ಮೇಲೇಳಲಿಲ್ಲ.

ಅಂದು ಮಧ್ಯಾಹ್ನದ ಹಿಮ್ಮಾಹಿತಿ ಸಭೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ನೆಟ್‌ವರ್ಕ್ ಸರಿ ಇರಲಿಲ್ಲ, ಸರ್." ನಿಜವಾಗಿ ನೋಡಿದರೆ ಕಾರಣ ಅದಲ್ಲ. ಆ ಟಿ.ವಿ. ಯಾವ ವೈಫೈಗೂ ಸೇರಿರಲಿಲ್ಲ, ಪ್ರಶಿಕ್ಷಣಾರ್ಥಿಯ ಮೊಬೈಲ್ ತನ್ನ ಡೇಟಾದಲ್ಲಿತ್ತು. ಆರಿಸಿಕೊಂಡ ವಿಧಾನಕ್ಕೆ ಎರಡೂ ಒಂದೇ ಜಾಲದಲ್ಲಿರಬೇಕಿತ್ತು. ಜೋಡಣೆಯ ಬಗೆಗಳು ತಿಳಿದಿದ್ದರೆ ಇದನ್ನು ಒಂದು ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಸಂದೇಶ ಕಾಣಿಸಿದ್ದು ಕೂಡ ತಪ್ಪಿಸಬಹುದಾದ ಸಂಗತಿಯೇ. ಆದ್ದರಿಂದ ಈ ವಿಷಯವನ್ನು ತಾಂತ್ರಿಕ ಕೌಶಲವೆಂದು ಬದಿಗಿಡದೆ, ಪಾಠ ಯೋಜನೆಯ ಒಂದು ಭಾಗವಾಗಿ ಇಲ್ಲಿ ವಿವರಿಸಿದ್ದೇನೆ.

ಎರಡು ಬೇರೆ ಬೇರೆ ಕೆಲಸಗಳು

"ಮೊಬೈಲನ್ನು ಟಿ.ವಿ.ಗೆ ಹಾಕುವುದು" ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಅದರೊಳಗೆ ಎರಡು ಬೇರೆ ಕೆಲಸಗಳಿವೆ.

ಮೊದಲನೆಯದು ಪ್ರತಿಬಿಂಬನ, ಅಂದರೆ ಸ್ಕ್ರೀನ್ ಮಿರರಿಂಗ್. ಮೊಬೈಲಿನ ಪರದೆ ಹೇಗಿದೆಯೋ ಹಾಗೆಯೇ ಟಿ.ವಿ.ಯಲ್ಲಿ ಕಾಣುತ್ತದೆ. ನೀವು ಯಾವುದನ್ನು ಮುಟ್ಟಿದರೂ, ಯಾವ ಕರೆ ಬಂದರೂ ಅಲ್ಲಿ ಕಾಣುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಮಿರಾಕಾಸ್ಟ್ ಎಂಬ ಮಾನಕ. ವೈಫೈ ಅಲಯನ್ಸ್ ಸಂಸ್ಥೆ ಇದನ್ನು 2012ರಲ್ಲಿ ಜಾರಿಗೆ ತಂದಿತು. ಇದರಲ್ಲಿ ಮೊಬೈಲ್ ಮತ್ತು ಟಿ.ವಿ. ನೇರವಾಗಿ ಒಂದಕ್ಕೊಂದು ಮಾತನಾಡಿಕೊಳ್ಳುತ್ತವೆ. ನಡುವೆ ರೂಟರ್ ಬೇಡ, ಇಂಟರ್‌ನೆಟ್ ಬೇಡ. ಎರಡರಲ್ಲೂ ವೈಫೈ ಚಾಲೂ ಇದ್ದರೆ ಸಾಕು. ಜಾಲವೇ ಇಲ್ಲದ ಹಳ್ಳಿಯ ಶಾಲೆಯಲ್ಲೂ ಇದು ನಡೆಯುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಮುಖ್ಯವಾಗಿ ಗಮನಿಸಬೇಕು.

ಎರಡನೆಯದು ಕಾಸ್ಟಿಂಗ್. ಯೂಟ್ಯೂಬ್‌ನಂಥ ಆ್ಯಪ್‌ಗಳಲ್ಲಿ ಮೂಲೆಯಲ್ಲಿ ಅಲೆಗಳಿರುವ ಚಿಕ್ಕ ಚೌಕದ ಗುರುತು ಕಾಣುವುದು ಇದಕ್ಕಾಗಿ. ಇಲ್ಲಿ ಮೊಬೈಲ್ ವಿಡಿಯೊವನ್ನು ಕಳಿಸುವುದಿಲ್ಲ, ಅದರ ವಿಳಾಸವನ್ನಷ್ಟೇ ಕೊಡುತ್ತದೆ. ಅಂಗಡಿಗೆ ಹೋಗಿ ಸಾಮಾನು ತರಲು ಮಗುವಿನ ಕೈಗೆ ಚೀಟಿ ಕೊಟ್ಟಂತೆ. ಚೀಟಿ ಹಿಡಿದ ಟಿ.ವಿ. ತಾನೇ ಇಂಟರ್‌ನೆಟ್‌ಗೆ ಹೋಗಿ ವಿಡಿಯೊ ತಂದುಕೊಳ್ಳುತ್ತದೆ. ಮೊಬೈಲ್ ಆಮೇಲೆ ರಿಮೋಟ್ ಇದ್ದಂತೆ: ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಪರದೆಯನ್ನು ಆರಿಸಿ ಜೇಬಿನಲ್ಲಿ ಇಟ್ಟುಕೊಳ್ಳಲೂಬಹುದು. ನಿಮ್ಮ ಸಂದೇಶಗಳು ಟಿ.ವಿ.ಯಲ್ಲಿ ಕಾಣುವುದಿಲ್ಲ. ಆದರೆ ಟಿ.ವಿ.ಗೆ ಇಂಟರ್‌ನೆಟ್ ಇರಲೇಬೇಕು, ಮೊಬೈಲೂ ಟಿ.ವಿ.ಯೂ ಒಂದೇ ವೈಫೈ ಜಾಲದಲ್ಲಿ ಇರಬೇಕು.

ಐಫೋನ್ ಇರುವವರಿಗೆ ಒಂದು ಮಾತು. ಐಫೋನ್ ಮಿರಾಕಾಸ್ಟ್ ಅನ್ನು ಬೆಂಬಲಿಸುವುದಿಲ್ಲ. ಅದರ ವಿಧಾನ ಏರ್‌ಪ್ಲೇ. ಟಿ.ವಿ.ಯಲ್ಲೂ ಏರ್‌ಪ್ಲೇ ಸೌಲಭ್ಯ ಇದ್ದರೆ ಮಾತ್ರ ಪ್ರತಿಬಿಂಬನ ಸಾಧ್ಯ. ಅಂಥ ಸೌಲಭ್ಯ ಇಲ್ಲದ ಟಿ.ವಿ.ಯ ಮುಂದೆ ಎಷ್ಟು ಹೊತ್ತು ಹುಡುಕಿದರೂ ಫಲವಿಲ್ಲ. ಹಾಗೆಯೇ ಕೆಲವು ಆಂಡ್ರಾಯ್ಡ್ ಮೊಬೈಲುಗಳಲ್ಲೂ ಮಿರಾಕಾಸ್ಟ್ ಇರುವುದಿಲ್ಲ, ಗೂಗಲ್‌ನ ಕಾಸ್ಟ್ ವಿಧಾನ ಮಾತ್ರ ಇರುತ್ತದೆ. ನಿಮ್ಮ ಮೊಬೈಲಿನಲ್ಲಿ ಏನಿದೆ, ಶಾಲೆಯ ಟಿ.ವಿ.ಯಲ್ಲಿ ಏನಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪಾಠದ ಹಿಂದಿನ ದಿನವೇ ಗೊತ್ತಿರಬೇಕು.

ಜೋಡಿಸುವ ಕ್ರಮ

ಪ್ರತಿಬಿಂಬನಕ್ಕೆ ಈ ಕ್ರಮವನ್ನು ಅನುಸರಿಸಿ.

1. ಟಿ.ವಿ.ಯ ಮೂಲ ಆಯ್ಕೆಯ ಅಥವಾ ಆ್ಯಪ್‌ಗಳ ಪಟ್ಟಿಯಲ್ಲಿ ಸ್ಕ್ರೀನ್ ಮಿರರಿಂಗ್, ಸ್ಕ್ರೀನ್ ಶೇರ್ ಅಥವಾ ಅಂಥದೇ ಹೆಸರಿನ ಆಯ್ಕೆಯನ್ನು ತೆರೆಯಿರಿ. ಕೆಲವು ಟಿ.ವಿ.ಗಳಲ್ಲಿ ಇದು ತೆರೆದಿರುವಾಗ ಮಾತ್ರ ಮೊಬೈಲಿಗೆ ಟಿ.ವಿ. ಕಾಣುತ್ತದೆ.

2. ಮೊಬೈಲಿನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದರೆ ಬರುವ ಫಲಕದಲ್ಲಿ ಕಾಸ್ಟ್, ಸ್ಮಾರ್ಟ್ ವ್ಯೂ ಅಥವಾ ಸ್ಕ್ರೀನ್‌ಕಾಸ್ಟ್ ಎಂಬ ಗುರುತನ್ನು ಹುಡುಕಿ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ, ಕೆಲಸ ಒಂದೇ.

3. ಪಟ್ಟಿಯಲ್ಲಿ ನಿಮ್ಮ ತರಗತಿಯ ಟಿ.ವಿ.ಯ ಹೆಸರನ್ನೇ ಆರಿಸಿ. ಟಿ.ವಿ. ಅನುಮತಿ ಕೇಳಿದರೆ ಅಥವಾ ಅಂಕಿಗಳನ್ನು ತೋರಿಸಿದರೆ ಅದರಂತೆ ಉತ್ತರಿಸಿ.

4. ಮೊಬೈಲನ್ನು ಅಡ್ಡಲಾಗಿ ತಿರುಗಿಸಿ, ಧ್ವನಿ ಟಿ.ವಿ.ಯಿಂದ ಬರುತ್ತಿದೆಯೇ ಎಂದು ಪರೀಕ್ಷಿಸಿ.

ಮೂರನೆಯ ಹಂತ ಸಣ್ಣದೆಂದು ಕಂಡರೂ ಎಚ್ಚರ ಬೇಕು. ಒಂದೇ ಮಾದರಿಯ ಟಿ.ವಿ.ಗಳು ಪಕ್ಕ ಪಕ್ಕದ ಕೊಠಡಿಗಳಲ್ಲಿದ್ದರೆ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಾಣುತ್ತದೆ. ತಪ್ಪಾಗಿ ಮುಟ್ಟಿದರೆ ಪಕ್ಕದ ತರಗತಿಯ ಗಣಿತ ಪಾಠದ ನಡುವೆ ನಿಮ್ಮ ಹೂವು ಅರಳುತ್ತದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಪ್ರತಿಯೊಂದಕ್ಕೂ ತರಗತಿಯ ಹೆಸರು ಕೊಟ್ಟರೆ ಮುಂದೆ ಬರುವವರಿಗೂ ಉಪಕಾರ.

ಶಾಲೆಯಲ್ಲಿ ವೈಫೈ ಇಲ್ಲದೆ ಕಾಸ್ಟಿಂಗ್ ಮಾಡಬೇಕಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ, ಟಿ.ವಿ.ಯನ್ನು ಅದಕ್ಕೆ ಸೇರಿಸಬಹುದು. ಹಾಟ್‌ಸ್ಪಾಟ್ ಕೊಡುವ ಮೊಬೈಲಿನಿಂದಲೇ ಕಾಸ್ಟ್ ಮಾಡಲು ಕೆಲವು ಮೊಬೈಲುಗಳು ಒಪ್ಪುವುದಿಲ್ಲ. ಆಗ ಸಹಪಾಠಿಯೊಬ್ಬರ ಮೊಬೈಲಿನಿಂದ ಹಾಟ್‌ಸ್ಪಾಟ್ ಪಡೆದು ನಿಮ್ಮ ಮೊಬೈಲನ್ನೂ ಟಿ.ವಿ.ಯನ್ನೂ ಅದಕ್ಕೆ ಸೇರಿಸಿ. ವಿಡಿಯೊ ಓಡುವಷ್ಟು ಹೊತ್ತು ಆ ಸಹಪಾಠಿಯ ಡೇಟಾ ಖರ್ಚಾಗುತ್ತದೆ ಎಂಬುದನ್ನು ಮೊದಲೇ ಹೇಳಿ ಕೇಳಿಕೊಳ್ಳುವುದು ಒಳ್ಳೆಯದು. ಮೊಬೈಲಿನಲ್ಲಿ ಆಗಲೇ ಇಳಿಸಿಕೊಂಡ ವಿಡಿಯೊವನ್ನು ಮಿರಾಕಾಸ್ಟ್ ಮೂಲಕ ತೋರಿಸಿದರೆ ಯಾರ ಡೇಟಾವೂ ಖರ್ಚಾಗುವುದಿಲ್ಲ. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಟ್ಟುಕೊಳ್ಳುವ ಸೌಲಭ್ಯವಿದೆ. ಹಿಂದಿನ ರಾತ್ರಿ ಮನೆಯಲ್ಲೇ ಇದನ್ನು ಮಾಡಿಕೊಳ್ಳಬಹುದು.

ಜೋಡಣೆ ಆಗದಿದ್ದರೆ

ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಹಾಗೆ ಮಾಡಿದರೆ ಸರಿಯಾದಾಗಲೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. ಒಂದೊಂದಾಗಿ ನೋಡಿ. ಎರಡರಲ್ಲೂ ವೈಫೈ ಚಾಲೂ ಇದೆಯೇ? ಕಾಸ್ಟಿಂಗ್ ಆದರೆ ಜಾಲ ಒಂದೇ ಆಗಿದೆಯೇ? ಶಾಲೆಯ ವೈಫೈಯಲ್ಲಿ ಅತಿಥಿಗಳಿಗೆಂದು ಬೇರೆ ಜಾಲವಿದ್ದರೆ, ಅದಕ್ಕೆ ಸೇರಿದ ಸಾಧನಗಳು ಒಂದನ್ನೊಂದು ಕಾಣದಂತೆ ಮಾಡಿರುವುದು ಸಾಮಾನ್ಯ. ಎರಡೂ ಸರಿಯಿದ್ದರೆ ಟಿ.ವಿ.ಯನ್ನು ಆರಿಸಿ, ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಚಿತ್ರ ಬಂದು ತಡೆತಡೆದು ಓಡಿದರೆ ಮೊಬೈಲನ್ನು ಟಿ.ವಿ.ಯ ಹತ್ತಿರಕ್ಕೆ ತನ್ನಿ. ಪರದೆ ಬಂದರೂ ವಿಡಿಯೊ ಇರಬೇಕಾದ ಜಾಗ ಕಪ್ಪಾಗಿದ್ದರೆ ಅದು ಜೋಡಣೆಯ ದೋಷವಲ್ಲ: ಕೃತಿಸ್ವಾಮ್ಯದ ರಕ್ಷಣೆಗಾಗಿ ಕೆಲವು ಆ್ಯಪ್‌ಗಳು ಪ್ರತಿಬಿಂಬನವನ್ನು ತಡೆಯುತ್ತವೆ.

ಇದಕ್ಕೆಲ್ಲ ತರಗತಿಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಎರಡು ನಿಮಿಷವಾದರೆ ಟಿ.ವಿ.ಯನ್ನು ಬಿಟ್ಟು ಪರ್ಯಾಯಕ್ಕೆ ಹೋಗಿ. ಅದೇ ವಿಡಿಯೊ ಇರುವ ಪೆನ್‌ಡ್ರೈವ್ ಒಂದು ಪರ್ಯಾಯ. ದಾಸವಾಳದ ಹೂವು, ಕಪ್ಪುಹಲಗೆ ಮತ್ತು ಸೀಮೆಸುಣ್ಣ ಇನ್ನೊಂದು. ಎರಡನೆಯದಕ್ಕೆ ಕರೆಂಟೂ ಬೇಡ.

ಹಿಂದಿನ ಬೆಂಚಿಗೆ ಕಾಣುತ್ತದೆಯೇ?

ಸಂಪರ್ಕ ಸಿಕ್ಕಿತೆಂದರೆ ಮಕ್ಕಳಿಗೆ ಕಂಡಿತೆಂದು ಅರ್ಥವಲ್ಲ. 43 ಇಂಚಿನ ಟಿ.ವಿ.ಯ ಪರದೆ ಸುಮಾರು 95 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ ಇರುತ್ತದೆ. ಇಂದಿನ ಉದ್ದನೆಯ ಮೊಬೈಲನ್ನು ನೆಟ್ಟಗೆ ಹಿಡಿದು ಪ್ರತಿಬಿಂಬಿಸಿದರೆ ಆ ಅಗಲದಲ್ಲಿ ಸುಮಾರು 24 ಸೆಂ.ಮೀ. ಮಾತ್ರ ಬಳಕೆಯಾಗುತ್ತದೆ, ಉಳಿದದ್ದು ಕಪ್ಪು. ಅಡ್ಡಲಾಗಿ ಹಿಡಿದರೆ ಚಿತ್ರದ ವಿಸ್ತೀರ್ಣ ಸುಮಾರು ಮೂರು ಪಟ್ಟು ಹೆಚ್ಚುತ್ತದೆ. ಕೈಯನ್ನು ತಿರುಗಿಸುವ ಇಷ್ಟು ಸಣ್ಣ ಕೆಲಸ ಪಾಠಕ್ಕೆ ಮಾಡುವ ಉಪಕಾರ ದೊಡ್ಡದು.

ಅಕ್ಷರದ ಗಾತ್ರವೂ ಮುಖ್ಯ. ಸಾಮಾನ್ಯ ದೃಷ್ಟಿಯವರು ಆರು ಮೀಟರ್ ದೂರದಿಂದ ಸುಮಾರು 9 ಮಿ.ಮೀ. ಎತ್ತರದ ಇಂಗ್ಲಿಷ್ ಅಕ್ಷರವನ್ನು ಕಷ್ಟಪಟ್ಟು ಗುರುತಿಸಬಲ್ಲರು. ಅದು ಕಣ್ಣಿನ ಪರೀಕ್ಷೆಯ ಅಳತೆಯೇ ಹೊರತು ಓದಿನ ಅಳತೆಯಲ್ಲ. ಕನ್ನಡದಲ್ಲಿ ದ ಮತ್ತು ಧ, ಬ ಮತ್ತು ಭ ಇವುಗಳ ವ್ಯತ್ಯಾಸ ಒಂದು ಸಣ್ಣ ಸೀಳಿನಲ್ಲಿದೆ, ಒತ್ತಕ್ಷರಗಳು ಇನ್ನೂ ಚಿಕ್ಕವು. ದೂರದಿಂದ ಮೊದಲು ಮಾಯವಾಗುವುದು ಅವೇ. ಮೂಲ ಅಕ್ಷರ ಎರಡೂವರೆ ಸೆಂ.ಮೀ.ಗಿಂತ ಚಿಕ್ಕದಿರದಂತೆ ನೋಡಿಕೊಳ್ಳಿ. ಪಾಠಕ್ಕೆ ಮುನ್ನ ಹಿಂದಿನ ಬೆಂಚಿನಲ್ಲಿ ನೀವೇ ಕುಳಿತು ಓದಿ ನೋಡಿ. ಕಿಟಕಿಯ ಬೆಳಕು ಪರದೆಗೆ ಬಡಿಯುತ್ತಿದೆಯೇ ಎಂಬುದೂ ಅಲ್ಲಿಂದಲೇ ಗೊತ್ತಾಗುತ್ತದೆ.

ವಿಡಿಯೊಕ್ಕಿಂತ ಮಿಗಿಲಾದ ಬಳಕೆ

ನಿಸ್ತಂತು ಪ್ರತಿಬಿಂಬನದ ನಿಜವಾದ ಲಾಭ ಸಿದ್ಧ ವಿಡಿಯೊ ತೋರಿಸುವುದರಲ್ಲಿಲ್ಲ. ಮೊಬೈಲಿನ ಕ್ಯಾಮೆರಾ ತೆರೆದು ಪ್ರತಿಬಿಂಬಿಸಿದರೆ ತರಗತಿಗೆ ಒಂದು ದೊಡ್ಡ ಕಣ್ಣು ಸಿಕ್ಕಂತೆ. ದಾಸವಾಳದ ಹೂವನ್ನು ಮಗುವೇ ಸೀಳಿ, ಶಲಾಕೆಯ ತುದಿಯನ್ನೂ ಪರಾಗಕೋಶವನ್ನೂ ಕ್ಯಾಮೆರಾದ ಕೆಳಗೆ ಹಿಡಿದರೆ ನಲವತ್ತು ಮಕ್ಕಳೂ ಒಟ್ಟಿಗೆ ನೋಡುತ್ತಾರೆ. ತಂತಿ ಇಲ್ಲದಿರುವುದರಿಂದ ನೀವು ಹಿಂದಿನ ಬೆಂಚಿಗೆ ಹೋಗಿ ಅಲ್ಲಿನ ಮಗುವಿನ ಹೂವನ್ನೂ ತೋರಿಸಬಹುದು. ಗಣಿತದಲ್ಲಿ ಒಂದೇ ಲೆಕ್ಕವನ್ನು ಇಬ್ಬರು ಮಕ್ಕಳು ಎರಡು ದಾರಿಯಲ್ಲಿ ಬಿಡಿಸಿದ್ದನ್ನು ನೋಟ್‌ಬುಕ್ಕಿನಿಂದಲೇ ತೋರಿಸಬಹುದು.

ಆದರೆ ಇಲ್ಲಿ ಒಂದು ಜವಾಬ್ದಾರಿ ಇದೆ. ನೋಟ್‌ಬುಕ್ಕಿನಲ್ಲಿದ್ದ ತಪ್ಪು ಟಿ.ವಿ.ಯಲ್ಲಿ ಮೂಡಿದಾಗ ಇಡೀ ತರಗತಿಯ ಮಾತಾಗುತ್ತದೆ. ಮಗುವನ್ನು ಕೇಳದೆ ತೋರಿಸಬೇಡಿ, ಹೆಸರಿರುವ ಪುಟವನ್ನು ತೋರಿಸಬೇಡಿ. ತಪ್ಪನ್ನೇ ಚರ್ಚಿಸಬೇಕಿದ್ದರೆ ಅದನ್ನು ನಿಮ್ಮ ಕೈಯಲ್ಲಿ ಬೇರೆ ಹಾಳೆಗೆ ಬರೆದು ತೋರಿಸಿ.

ನಿಮ್ಮ ಖಾಸಗಿ ಬದುಕು, ಮಕ್ಕಳ ಕಣ್ಣು

ಪ್ರತಿಬಿಂಬನ ಮಾಡುವ ಮೊದಲು ಏರ್‌ಪ್ಲೇನ್ ಮೋಡ್ ಆನ್ ಮಾಡಿ, ಆಮೇಲೆ ವೈಫೈಯನ್ನು ಮಾತ್ರ ಮತ್ತೆ ಆನ್ ಮಾಡಿ, ಯಾವ ಜಾಲಕ್ಕೂ ಸೇರಿಸದೆ ಬಿಡಿ. ಮಿರಾಕಾಸ್ಟ್ ಜೋಡಣೆಗೆ ಅಷ್ಟು ಸಾಕು, ಹೊರಗಿನಿಂದ ಕರೆಯಾಗಲಿ ಸಂದೇಶವಾಗಲಿ ಬರುವುದಿಲ್ಲ. ಇಂಟರ್‌ನೆಟ್ ಬೇಕೇ ಬೇಕೆಂದಾದರೆ ಡು ನಾಟ್ ಡಿಸ್ಟರ್ಬ್ ಬಳಸಿ. ಅದು ಶಬ್ದವನ್ನು ಮಾತ್ರ ತಡೆದು ಸೂಚನೆಗಳನ್ನು ಪರದೆಯ ಮೇಲೆ ಬಿಡುವಂತೆ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಸೂಚನೆಗಳು ಕಾಣದಂತೆ ಮಾಡಿ, ಸಹಪಾಠಿಯಿಂದ ಒಂದು ಸಂದೇಶ ತರಿಸಿ ಪರೀಕ್ಷಿಸಿ. ಗ್ಯಾಲರಿಯಲ್ಲಿ ಪಾಠದ ಚಿತ್ರಗಳಿಗೇ ಬೇರೆ ಫೋಲ್ಡರ್ ಇರಲಿ. ಶಾಲೆಯ ಟಿ.ವಿ.ಯಲ್ಲಿ ನಿಮ್ಮ ವೈಯಕ್ತಿಕ ಖಾತೆಗೆ ಲಾಗಿನ್ ಆಗಬೇಡಿ. ಯೂಟ್ಯೂಬ್ ಬಳಸಿದರೆ ಆಟೊಪ್ಲೇ ನಿಲ್ಲಿಸಿ. ಪಾಠ ಮುಗಿದ ಮೇಲೆ ಸಂಪರ್ಕ ಕಡಿದು, ಟಿ.ವಿ. ಮೊದಲಿದ್ದ ಸ್ಥಿತಿಗೆ ಬಂದದ್ದನ್ನು ನೋಡಿಯೇ ಹೊರಡಿ.

ಪಾಠ ಯೋಜನೆಯಲ್ಲಿ ಬರೆಯಬೇಕಾದದ್ದು

"ಕಲಿಕೋಪಕರಣ: ಸ್ಮಾರ್ಟ್ ಟಿ.ವಿ." ಎಂದಷ್ಟೇ ಬರೆದ ಯೋಜನೆಯನ್ನು ಮಾರ್ಗದರ್ಶಕರು ಒಪ್ಪಬಾರದೆಂದು ನನ್ನ ಅಭಿಪ್ರಾಯ. ಯಾವ ವಿಧಾನದ ಜೋಡಣೆ, ಯಾವ ದಿನ ಪರೀಕ್ಷಿಸಿದ್ದು, ಪಾಠದ ಯಾವ ನಿಮಿಷದಲ್ಲಿ ಪರದೆ ಬೇಕು, ಯಾವ ನಿಮಿಷದಲ್ಲಿ ಆರಬೇಕು, ಕೈಕೊಟ್ಟರೆ ಪರ್ಯಾಯವೇನು ಎಂಬ ಐದು ಸಾಲು ಅದರಲ್ಲಿರಬೇಕು. ವೀಕ್ಷಿಸುವ ಸಹಪಾಠಿಗಳು ಸಂಪರ್ಕಕ್ಕೆ ಹಿಡಿದ ಸಮಯವನ್ನೂ, ಪರದೆ ಉರಿಯುತ್ತಿದ್ದಾಗ ಮಕ್ಕಳು ಎಷ್ಟು ಸಲ ಬಾಯಿ ತೆರೆದು ಉತ್ತರಿಸಿದರು ಎಂಬುದನ್ನೂ ದಾಖಲಿಸಲಿ. ಎರಡನೆಯ ಅಂಕಿ ಸೊನ್ನೆಯಾಗಿದ್ದರೆ, ಜೋಡಣೆ ಎಷ್ಟು ಸಲೀಸಾಗಿ ಆಗಿದ್ದರೂ ಆ ಪಾಠದ ಬಗ್ಗೆ ಮತ್ತೆ ಯೋಚಿಸಬೇಕು.

ಅದೇ ಪ್ರಶಿಕ್ಷಣಾರ್ಥಿ ಮರುವಾರ ಅದೇ ತರಗತಿಗೆ ಬೀಜ ಪ್ರಸಾರದ ಪಾಠ ಮಾಡಿದರು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ಜೋಡಣೆ ಪರೀಕ್ಷಿಸಿ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದರು. ಎಕ್ಕದ ಬೀಜದ ನವಿರಾದ ಎಳೆಗಳು ಟಿ.ವಿ.ಯ ಮೇಲೆ ಮೂಡಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಇದು ನಮ್ಮ ಹೊಲದ ಬದುವಿನಾಗೂ ಐತಿ" ಎಂದ. ಅವರು ಕೂಡಲೇ ಪರದೆ ಆರಿಸಿ ಅವನ ಮಾತನ್ನು ಕೇಳತೊಡಗಿದರು. ನಾನು ವೀಕ್ಷಣಾ ಪುಸ್ತಕದಲ್ಲಿ ಆ ನಿಮಿಷವನ್ನು ಗುರುತು ಮಾಡಿಕೊಂಡೆ.