ಅಪ್ಪನ ಕ್ರಿಯಾಟಿನಿನ್ ಏರ್ತಾ ಇದೆಯಾ? ಪಿಡಿಎಫ್‌ಗೆ ಗೊತ್ತಿಲ್ಲ

ಅಪ್ಪನ ಮೂರು ವರ್ಷದ ರಿಪೋರ್ಟ್‌ಗಳನ್ನು ಮುಂದಿಟ್ಟಾಗ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ‘ಕ್ರಿಯಾಟಿನಿನ್ ಏರ್ತಾ ಇದೆಯಾ?’ ಮೊದಲ ಲ್ಯಾಬು ‘ಎಸ್. ಕ್ರಿಯಾಟ್’ ಅಂತ ಬರೆದು 1.1 ಕೊಟ್ಟಿತ್ತು. ದುಬೈಯಲ್ಲಿರುವ ಅಕ್ಕನ ಮನೆಗೆ ಹೋದಾಗ ಮಾಡಿಸಿದ್ದರಲ್ಲಿ 115. ಮೂರನೆಯದರಲ್ಲಿ 1.5. ಆ 115 ನೋಡಿ ಅಮ್ಮನ ಎದೆ ಧಸಕ್ಕೆಂದಿತ್ತು. ಅದು ಮೈಕ್ರೊಮೋಲ್ ಲೆಕ್ಕ. 88.4ರಿಂದ ಭಾಗಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ 1.3. ಅಂದ್ರೆ ಹೌದು, ಏರ್ತಾನೇ ಇತ್ತು. ಮೂರೂ ಪಿಡಿಎಫ್ ನನ್ನ ಫೋನಲ್ಲೇ ಇದ್ದವು. ಯಾವ ಆ್ಯಪೂ ಇದನ್ನು ಹೇಳಲಿಲ್ಲ.

ಎಂಜಿನಿಯರಿಂಗ್ ಓದಿದ ನನಗೆ ಸಿಟ್ಟು ಬರೋದು ಇಲ್ಲೇ. ಇದಕ್ಕೆ ಪರಿಹಾರ 1994ರಲ್ಲೇ ಶುರುವಾಗಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ ಆರಂಭಿಸಿದ ‘ಲಾಯಿಂಕ್’ ಪ್ರತಿ ಪರೀಕ್ಷೆಗೂ ಒಂದು ಕೋಡ್ ಕೊಡುತ್ತದೆ. ಏನನ್ನು ಅಳೆದಿರಿ, ತೂಕದಲ್ಲೋ ಮೋಲ್‌ನಲ್ಲೋ, ಒಂದು ಕ್ಷಣದ್ದೋ 24 ಗಂಟೆಯದ್ದೋ, ರಕ್ತವೋ ಮೂತ್ರವೋ, ಉತ್ತರ ಅಂಕಿಯೋ ಪದವೋ, ವಿಧಾನ ಯಾವುದು: ಇವೇ ಆರು ಪ್ರಶ್ನೆ. ಸೀರಂ ಕ್ರಿಯಾಟಿನಿನ್ ತೂಕದ ಲೆಕ್ಕದಲ್ಲಾದರೆ 2160-0, ಮೋಲ್ ಲೆಕ್ಕದಲ್ಲಾದರೆ 14682-9. ಕೋಡ್ ಬೇರೆಯಾದ್ದರಿಂದ ಸಾಫ್ಟ್‌ವೇರ್ 1.1ರ ಪಕ್ಕ 115 ಇಟ್ಟು ಗಾಬರಿ ಹುಟ್ಟಿಸೋದಿಲ್ಲ. ಅಳೆದ ವಸ್ತು ಒಂದೇ ಆದ್ದರಿಂದ ಲೆಕ್ಕ ಬದಲಿಸಿ ಗ್ರಾಫ್ ಎಳೆಯಬಹುದು.

‘ಆಂಟಾಲಜಿ’ ಅನ್ನೋ ಪದಕ್ಕೂ ಹೆದರಬೇಡಿ. ಕೋಡ್ ಪಟ್ಟಿ ಹೆಸರಿಡುತ್ತದೆ, ಆಂಟಾಲಜಿ ನಂಟು ಹೇಳುತ್ತದೆ. ಸಕ್ಕರೆ ಕಾಯಿಲೆಯಿಂದ ಬರುವ ಕಿಡ್ನಿ ತೊಂದರೆಯೂ ಕಿಡ್ನಿ ಕಾಯಿಲೆಯೇ ಎಂಬುದು ‘ಸ್ನೋಮೆಡ್ ಸಿಟಿ’ಯೊಳಗೇ ಬರೆದಿದೆ. ಹಾಗಾಗಿ ತಾಲ್ಲೂಕಿನ ಕಿಡ್ನಿ ರೋಗಿಗಳನ್ನು ಹುಡುಕಿದರೆ ಅವರೂ ಸಿಗುತ್ತಾರೆ. ಸಿಗದಿದ್ದರೆ ಎಷ್ಟು ಡಯಾಲಿಸಿಸ್ ಯಂತ್ರ ಬೇಕು ಅನ್ನೋದು ಬರೀ ಅಂದಾಜು.

ಲಾಯಿಂಕ್ ಉಚಿತ. ಭಾರತ 2014ರಿಂದ ಸ್ನೋಮೆಡ್ ಸದಸ್ಯ, ಇಲ್ಲಿ ಬಳಸಲು ಅದಕ್ಕೂ ದುಡ್ಡಿಲ್ಲ. ಕೇಂದ್ರದ 2016ರ ಇಎಚ್‌ಆರ್ ಮಾನದಂಡಗಳು ಎರಡನ್ನೂ ಹೆಸರಿಸಿವೆ. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ‘ಫೈರ್’ ಮಾದರಿಯಲ್ಲಿ ದಾಖಲೆ ಕೇಳುತ್ತದೆ. ಆದರೆ ಅದರೊಳಗೆ ಪಿಡಿಎಫ್ ತುರುಕಿದರೂ ನಡೆಯುತ್ತದೆ. ಲಕೋಟೆ ಹೊಸದು, ಕಾಗದ ಹಳೆಯದು.

ಒಬ್ಬನೇ ಟೆಕ್ನಿಷಿಯನ್ ಇರುವ ಲ್ಯಾಬನ್ನು ಬೈದು ಪ್ರಯೋಜನವಿಲ್ಲ. ನೂರಾರು ಟೆಸ್ಟ್‌ಗಳಿಗೆ ಕೋಡ್ ಹೊಂದಿಸಲು ಪೆಥಾಲಜಿಸ್ಟ್ ಕೂರಬೇಕು. ದಿನಾ ಮಾಡುವ ಟೆಸ್ಟ್‌ಗಳ ಪಟ್ಟಿಯನ್ನು ಸರ್ಕಾರವೇ ಸಿದ್ಧಮಾಡಿ ಕೊಡಲಿ, ಆಮೇಲೆ ತನ್ನ ಟೆಂಡರ್‌ಗಳಲ್ಲಿ ಕಡ್ಡಾಯ ಮಾಡಲಿ.

ಕಳೆದ ವಾರ ಲ್ಯಾಬ್ ಕೌಂಟರಲ್ಲಿ ಕೇಳಿದೆ, ‘ರಿಪೋರ್ಟಲ್ಲಿ ಕೋಡ್ ಬರುತ್ತಾ?’

‘ಬಾರ್‌ಕೋಡಾ ಸರ್? ಟ್ಯೂಬ್ ಮೇಲಿರುತ್ತೆ.’